ಬಸವನಮಂಟಿ ಭವನ, ಮಂಡ್ಯ

ನಮ್ಮೂರಿನ ಪುಟ್ಟರಾಜು ಮೂರು ದಿನ ದೆಹಲಿಗೆ ಹೋಗಿ ಬಂದದ್ದು ತಪ್ಪಲ್ಲ. ದೆಹಲಿಗೆ ದಿನವೂ ಸಾವಿರಾರು ಜನ ಹೋಗುತ್ತಾರೆ, ಬರುತ್ತಾರೆ, ಬಂದ ಮೇಲೆ ಸುಮ್ಮನಿರುತ್ತಾರೆ. ಪುಟ್ಟರಾಜು ಸುಮ್ಮನಿರಲಿಲ್ಲ. ಅದರಿಂದ ಬಸವನಮಂಟಿ ಎಂಬ ನೂರೈವತ್ತು ಮನೆಯ ಹಳ್ಳಿ ಎರಡೂವರೆ ತಿಂಗಳು ಏನೇನು ಅನುಭವಿಸಿತು ಎಂಬುದನ್ನು ಯಾರಾದರೂ ಬರೆದಿಡಬೇಕಲ್ಲ. ಊರಿನ ಅಂಚೆ ಕಚೇರಿ ನೋಡಿಕೊಳ್ಳುವವನು ನಾನು, ಕಸ್ತೂರಿರಂಗ. ಬರೆಯುವ ಕೆಲಸವೆಲ್ಲ ಕೊನೆಗೆ ನನ್ನ ತಲೆಗೇ ಬರುತ್ತದೆ. ಮೇಲಾಗಿ ಈ ಪ್ರಕರಣದಲ್ಲಿ ನನ್ನದೂ ಸ್ವಲ್ಪ ಪಾಲಿದೆ. ಅದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಈಗಲೇ ಹೇಳಿದರೆ ಓದುವವರಿಗೆ ನನ್ನ ಮೇಲೆ ಗೌರವ ಉಳಿಯುವುದಿಲ್ಲ.

ಬಸವನಮಂಟಿ ಇರುವುದು ಮದ್ದೂರು-ಮಳವಳ್ಳಿ ರಸ್ತೆಯಿಂದ ಐದು ಕಿಲೋಮೀಟರ್ ಒಳಗೆ. ಬೆಳಿಗ್ಗೆ ಏಳು ಹತ್ತಕ್ಕೆ ಊರಿನಿಂದ ಒಂದು ಬಸ್ಸು ಹೊರಡುತ್ತಿತ್ತು. ಭಾರತೀನಗರದ ಮೇಲೆ ಮಂಡ್ಯಕ್ಕೆ ಹೋಗುತ್ತಿತ್ತು. ಒಂದು ದಿನ ಅದು ನಿಂತುಹೋಯಿತು. ರಸ್ತೆ ಕೆಟ್ಟಿದೆ ಅದಕ್ಕೆ ಎಂದು ಕೆಲವರು, ಟಿಕೆಟ್ ಆಗುತ್ತಿಲ್ಲ ಅದಕ್ಕೆ ಎಂದು ಕೆಲವರು, ಮೇಲಿನವರಿಗೆ ನಮ್ಮೂರು ಕಂಡರೆ ಆಗುವುದಿಲ್ಲ ಎಂದು ಉಳಿದವರು ಹೇಳಿದರು. ಡಿಪೋಗೆ ಹೋಗಿ ಕೇಳಿದವರು ಯಾರೂ ಇಲ್ಲ. ಅರ್ಜಿ ಮಾತ್ರ ಒಂದು ಹೋಗಿತ್ತು.

ಬಸ್ಸು ನಿಂತದ್ದರಿಂದ ಹೆಚ್ಚು ಪೆಟ್ಟು ಬಿದ್ದದ್ದು ಪುಟ್ಟರಾಜುವಿನ ಮಗಳು ದೀಪಿಕಳಿಗೆ. ಅವಳು ಭಾರತೀನಗರದಲ್ಲಿ ಬಿ.ಕಾಂ. ಓದುತ್ತಾಳೆ. ಮೊದಲನೇ ಕ್ಲಾಸು ಎಂಟೂವರೆಗೆ. ಪುಟ್ಟರಾಜು ದಿನಾ ಬೆಳಿಗ್ಗೆ ಅವಳನ್ನು ಟಿ.ವಿ.ಎಸ್. ಮೇಲೆ ಕೂರಿಸಿಕೊಂಡು ದೊಡ್ಡ ರಸ್ತೆಯ ಗೇಟಿನವರೆಗೆ ಬಿಡುತ್ತಿದ್ದ. ಅಲ್ಲಿಂದ ಅವಳಿಗೆ ಬೇರೆ ಬಸ್ಸು. ಹೇಗೋ ನಡೆಯುತ್ತಿತ್ತು.

ಆ ಹೊತ್ತಿಗೆ ಕಬ್ಬು ಬೆಳೆಗಾರರ ಒಂದು ನಿಯೋಗ ದೆಹಲಿಗೆ ಹೊರಟಿತು. ಹದಿನೈದು ಜನರಲ್ಲಿ ಒಬ್ಬನಿಗೆ ಹೆಂಡತಿ ಕಡೆಯ ಮದುವೆ ಬಂದು ಒಂದು ಸೀಟು ಖಾಲಿಯಾಯಿತು. ಆ ಸೀಟಿನಲ್ಲಿ ಪುಟ್ಟರಾಜು ಹೋಗಿ ಕುಳಿತ. ದೆಹಲಿಯಲ್ಲಿ ಅವರನ್ನೆಲ್ಲ ನಮ್ಮ ರಾಜ್ಯದ ಭವನದಲ್ಲಿ ಇಳಿಸಿದರು. ಸ್ಟೇಷನ್ನಿನಲ್ಲಿ ಒಬ್ಬರು ಹೆಸರು ಬರೆದ ಬೋರ್ಡು ಹಿಡಿದು ನಿಂತಿದ್ದರಂತೆ. ಕನ್ನಡದಲ್ಲೇ "ಬನ್ನಿ, ಬನ್ನಿ" ಅಂದರಂತೆ. ಮರುದಿನ ಅದೇ ಮನುಷ್ಯ ಇವರನ್ನು ಒಂದು ದೊಡ್ಡ ಕಚೇರಿಗೆ ಕರೆದೊಯ್ದು, ಗೇಟಿನಲ್ಲಿ ಪಾಸು ಮಾಡಿಸಿ, ಯಾವ ಮಹಡಿ, ಯಾವ ಬಾಗಿಲು ಎಂದೆಲ್ಲ ತೋರಿಸಿ, ಮನವಿ ಕೊಡಿಸಿ, ಊಟದ ಹೊತ್ತಿಗೆ ವಾಪಸು ತಂದು ಬಿಟ್ಟರಂತೆ.

ಪುಟ್ಟರಾಜು ಅವರನ್ನು ಬಿಡದೆ ವಿಚಾರಿಸಿದ. ಅವರು ಪಾಪ ತಾಳ್ಮೆಯಿಂದ ವಿವರಿಸಿದರು. ಪ್ರತಿ ರಾಜ್ಯಕ್ಕೂ ದೆಹಲಿಯಲ್ಲಿ ಇಂಥದೊಂದು ಭವನ ಇರುತ್ತದೆ. ಅದಕ್ಕೆ ನಿವಾಸಿ ಆಯುಕ್ತರು ಅಂತ ಒಬ್ಬ ದೊಡ್ಡ ಅಧಿಕಾರಿ ಇರುತ್ತಾರೆ. ರಾಜ್ಯದಿಂದ ಬಂದ ಕಾಗದ ಕೇಂದ್ರದಲ್ಲಿ ಎಲ್ಲಿ ನಿಂತಿದೆ ಎಂದು ನೋಡುವುದು, ನಿಂತಿದ್ದರೆ ಮುಂದಕ್ಕೆ ತಳ್ಳುವುದು, ಊರಿನಿಂದ ಬಂದವರಿಗೆ ಇಳಿದುಕೊಳ್ಳಲು ಜಾಗ ಕೊಡುವುದು ಅವರ ಕೆಲಸ. ಇದಿಷ್ಟನ್ನೂ ಕೇಳಿದ ಪುಟ್ಟರಾಜು ಉಳಿದವರ ಜೊತೆ ಆಗ್ರಾಕ್ಕೆ ತಾಜಮಹಲ್ ನೋಡಲು ಹೋಗಲಿಲ್ಲವಂತೆ. ಭವನದ ಮುಂದಿನ ಬೆಂಚಿನ ಮೇಲೆ ಕುಳಿತು ಯೋಚನೆ ಮಾಡಿದನಂತೆ. ಅವನು ತಾಜಮಹಲಿಗೆ ಹೋಗಿದ್ದರೆ ನಮಗೆಲ್ಲ ಕ್ಷೇಮವಾಗಿತ್ತು.

ಊರಿಗೆ ಬಂದ ಮರುದಿನ ಬೆಳಿಗ್ಗೆ, ಹಾಲಿನ ಡೈರಿ ಮುಂದೆ ಜನ ಕ್ಯಾನು ಹಿಡಿದು ನಿಂತಿದ್ದಾಗ ಪುಟ್ಟರಾಜು ಕಟ್ಟೆ ಹತ್ತಿದ.

"ನಮ್ ರಾಜ್ಯಕ್ಕೆ ಡೆಲ್ಲಿ ಎಂಗೋ, ನಮ್ಮೂರ್ಗೆ ಮಂಡ್ಯ ಅಂಗೆ. ಅಷ್ಟ್ ದೊಡ್ ರಾಜ್ಯಕ್ಕೇ ಡೆಲ್ಲೀಲಿ ಒಬ್ಬ ಕುಂತಿರ್ಬೇಕು ಅಂದ್ಮೇಲೆ ನಮ್ಮೂರ್ಗೆ ಮಂಡ್ಯದಲ್ಲಿ ಒಬ್ಬ ಬ್ಯಾಡ್ವಾ? ಬಸ್ಸಿನ್ ಅರ್ಜಿ ಕೊಟ್ಟು ಎಂಟ್ ತಿಂಗ್ಳಾಯ್ತು. ಅದು ಯಾವ್ ಟೇಬಲ್ ಮ್ಯಾಲೆ ಬಿದ್ದದೆ ಅಂತ ಯಾರ್ಗಾದ್ರೂ ಗೊತ್ತಾ?"

ಊರಿನ ಹಿರಿಯ ಮರಿಸಿದ್ದಯ್ಯ ಬೀಡಿ ಆರಿಸಿ ಕೇಳಿದ. "ಲೇ ಪುಟ್ಟರಾಜ, ಮಂಡ್ಯ ಏನ್ ಡೆಲ್ಲಿಯೇನ್ಲಾ? ಬೆಳಿಗ್ಗೆ ಓದ್ರೆ ಸಂಜೀಕೆ ಬತ್ತೀವಿ."

"ಯಾವ್ ಬಸ್ನಲ್ಲಿ ಬತ್ತೀಯಣ್ಣ?"

ಮರಿಸಿದ್ದಯ್ಯ ಆರಿದ ಬೀಡಿಯನ್ನು ಮತ್ತೆ ಹಚ್ಚಿಕೊಂಡ. ಇದನ್ನೇ ಒಪ್ಪಿಗೆ ಎಂದು ಪುಟ್ಟರಾಜು ತೆಗೆದುಕೊಂಡ.

ಹಾಲು ಅಳೆಸುತ್ತಿದ್ದ ಅವನ ಹೆಂಡತಿ ಬೆಟ್ಟಮ್ಮ ಮಾತ್ರ ತಿರುಗಿಯೂ ನೋಡದೆ ಹೇಳಿದಳು. "ಮನೆ ಮುಂದ್ಲ ರೂಮ್ನಾಗಿರೋ ಗೊಬ್ಬರದ್ ಚೀಲ ಎತ್ತಾಕು ಅಂತ ಯುಗಾದಿಯಿಂದ ಬಡ್ಕೋತಾ ಇವ್ನಿ. ಅದ್ನ ಎತ್ತಕ್ಕಾಗ್ದೋನು ಮಂಡ್ಯದಲ್ಲಿ ಭವನ ಕಟ್ತಾನಂತೆ ಕಣವ್ವ."

ಭವನ ಕಟ್ಟಬೇಕಾಗಿರಲಿಲ್ಲ. ಪುಟ್ಟರಾಜುವಿನ ಷಡ್ಡಕನೊಬ್ಬನಿಗೆ ಮಂಡ್ಯದಲ್ಲಿ ಪಂಕ್ಚರ್ ಅಂಗಡಿಯ ಮೇಲೆ ಒಂದು ರೂಮಿತ್ತು. ಸೋರುತ್ತಿದ್ದುದರಿಂದ ಯಾರೂ ಬಾಡಿಗೆಗೆ ಬರುತ್ತಿರಲಿಲ್ಲ. ಅದನ್ನು ಷಡ್ಡಕ ಧಾರಾಳವಾಗಿ ಬಿಟ್ಟುಕೊಟ್ಟ. ಪುಟ್ಟರಾಜು ಒಂದು ಚಾಪೆ, ಒಂದು ಮೇಜು, ಮುದ್ದೆ ಕೋಲು, ರಾಗಿ ಹಿಟ್ಟಿನ ಡಬ್ಬ ಕಟ್ಟಿಕೊಂಡು ಟಿ.ವಿ.ಎಸ್. ಹತ್ತಿ ಹೊರಟ. ಟಿ.ವಿ.ಎಸ್. ಅವನ ಜೊತೆ ಹೋಯಿತು ಎಂಬುದನ್ನು ದಯವಿಟ್ಟು ಗಮನಿಸಿ. ಊರಲ್ಲಿ ಯಾರೂ ಗಮನಿಸಲಿಲ್ಲ. ಮರುದಿನ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ಒಬ್ಬಳೇ ನಡೆದು ಹೋದ ದೀಪಿಕ ಗಮನಿಸಿದಳು.

ಇನ್ನು ನನ್ನ ಪಾಲು. ಲೆಟರ್‌ಹೆಡ್ಡಿನಲ್ಲಿ ಏನು ಬರೆಸಲಿ ಎಂದು ಪುಟ್ಟರಾಜು ನನ್ನನ್ನೇ ಕೇಳಿದ. ನಾನು ಬೇಡ ಎನ್ನಬಹುದಿತ್ತು. ಆದರೆ ಕೇಳಿದವರಿಗೆ ಒಳ್ಳೆಯ ಕನ್ನಡದಲ್ಲಿ ಬರೆದುಕೊಡುವ ಚಟ ನನಗೆ. "ನಿವಾಸಿ ಆಯುಕ್ತರ ಕಚೇರಿ, ಬಸವನಮಂಟಿ ಭವನ, ಮಂಡ್ಯ" ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟೆ. ಸೀಲು ಮಾಡಿಸಬೇಡ ಎಂದು ಹೇಳಲು ಮರೆತೆ. ಅವನು ಸೀಲಿನ ಅಂಗಡಿಗೆ ಹೋದಾಗ ಅಂಗಡಿಯವನು "ಉದ್ದಕ್ಕಿರೋದಾ, ಗುಂಡಗಿರೋದಾ?" ಎಂದು ಕೇಳಿದನಂತೆ. ಗುಂಡಗಿರುವುದರಲ್ಲಿ ಜಾಗ ಹೆಚ್ಚು ಎಂದು ಇವನು ಗುಂಡಗಿರುವುದನ್ನೇ ಮಾಡಿಸಿದ. ನಮ್ಮ ರಾಜ್ಯದಲ್ಲಿ ಗುಂಡು ಸೀಲು ಬಿದ್ದ ಕಾಗದ ಎಂದರೆ ಸರ್ಕಾರಿ ಕಾಗದ. ಅದರಲ್ಲಿ ಏನು ಬರೆದಿದೆ ಎಂದು ಆಮೇಲೆ ಯಾರೂ ಓದುವುದಿಲ್ಲ.

ಭವನ ಶುರುವಾಯಿತು. ಮೊದಲ ವಾರ ದಿನಕ್ಕೆ ನಾಲ್ಕು ಜನ ಬೋರ್ಡು ನೋಡಿ ಮೆಟ್ಟಿಲು ಹತ್ತಿ ಬಂದು ಇಡ್ಲಿ ಇದೆಯಾ ಎಂದು ಕೇಳಿ ಹೋದರು. ಆಮೇಲೆ ಊರಿನವರು ಬರತೊಡಗಿದರು. ಮೊದಲ ಅತಿಥಿ ಬೆಳ್ಳಮ್ಮಜ್ಜಿ, ಕಣ್ಣು ತೋರಿಸಲು ಬಂದವಳು. ದೆಹಲಿಯಲ್ಲಿ ನೋಡಿದ್ದಂತೆ ಪುಟ್ಟರಾಜು "ಶ್ರೀಮತಿ ಬೆಳ್ಳಮ್ಮನವರಿಗೆ ಸ್ವಾಗತ" ಎಂದು ಬರೆದ ರಟ್ಟನ್ನು ಎದೆಗೆ ಹಿಡಿದು ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ನಿಂತ. ಅಜ್ಜಿಗೆ ಓದು ಬಾರದು, ಅಂದು ಕಣ್ಣೂ ಕಾಣುತ್ತಿರಲಿಲ್ಲ. ಅವನನ್ನು ದಾಟಿಕೊಂಡು ಹೋಗಿಯೇ ಬಿಟ್ಟಳು. ಇವನು ರಟ್ಟು ಹಿಡಿದೇ ಹಿಂದೆ ಓಡಿದ.

"ಅಜ್ಜಿ, ನಿಂತ್ಕೊ! ನಾನು ನಿವಾಸಿ ಆಯುಕ್ತ!"

"ಯಾರೋ ಏನೋ ಮಾರ್ತಾವ್ನೆ," ಎಂದುಕೊಂಡ ಅಜ್ಜಿ ಇನ್ನೂ ಜೋರಾಗಿ ನಡೆದಳು. ಕೊನೆಗೆ ಅವನು "ಬೆಟ್ಟಮ್ಮನ್ ಗಂಡ ಕಣಜ್ಜಿ!" ಎಂದು ಕೂಗಿದ ಮೇಲೆ ನಿಂತಳು. ಒಂದು ದಿನಕ್ಕೆಂದು ಬಂದವಳು ಮಂಡ್ಯದ ಗಾಳಿ ಕಣ್ಣಿಗೆ ಹಿತವಾಗಿದೆ ಎಂದು ಅಲ್ಲಿಯೇ ಉಳಿದಳು. ಬೆಳಿಗ್ಗೆ ಎದ್ದು "ಆಯುಕ್ತ, ಕಾಪಿ ತತ್ತಾ" ಎನ್ನುತ್ತಿದ್ದಳಂತೆ.

ಈ ನಡುವೆ ಪುಟ್ಟರಾಜು ಬಸ್ಸಿನ ಅರ್ಜಿಯನ್ನು ಹೊಸದಾಗಿ ಲೆಟರ್‌ಹೆಡ್ಡಿನಲ್ಲಿ ಬರೆದು, ಗುಂಡು ಸೀಲು ಒತ್ತಿ, ಡಿಪೋಗೆ ಕೊಟ್ಟ. ಡಿಪೋದವರು ಆಯುಕ್ತರ ಪತ್ರ ಎಂದು ಗಾಬರಿಯಾಗಿ ತಮ್ಮ ಮೇಲಿನವರಿಗೆ ಕಳಿಸಿದರು. ಅವರು ಇನ್ನೂ ಮೇಲಿನ ಒಂದು ದೊಡ್ಡ ಕಚೇರಿಗೆ ಕಳಿಸಿದರು. ಆ ದೊಡ್ಡ ಕಚೇರಿಯಲ್ಲಿ ಯಾರೋ ಒಬ್ಬರು ಲೆಟರ್‌ಹೆಡ್ಡು ನೋಡಿ, ಹೊಸ ಇಲಾಖೆ ಬಂದಿರಬೇಕು, ನಮಗೆ ತಿಳಿಸಿಲ್ಲ ಅಷ್ಟೆ, ಎಂದುಕೊಂಡು ತಮ್ಮ ಪಟ್ಟಿಯಲ್ಲಿ ಸೇರಿಸಿಕೊಂಡರು. ಮರುವಾರದಿಂದ ಭವನಕ್ಕೆ ಟಪಾಲು ಬರಲು ಶುರುವಾಯಿತು. ಸ್ವಚ್ಛತಾ ಸಪ್ತಾಹದ ಫೋಟೋ ಕಳಿಸಿ. ಖಾಲಿ ಇರುವ ಹುದ್ದೆಗಳ ವಿವರ ಕಳಿಸಿ. ವಾಹನವಿದ್ದರೆ ಅದರ ಸ್ಥಿತಿಗತಿ ಕಳಿಸಿ. ಪುಟ್ಟರಾಜು ಎಲ್ಲದಕ್ಕೂ ಉತ್ತರ ಬರೆದ. ವಾಹನ ಒಂದು, ಟಿ.ವಿ.ಎಸ್., ಹಿಂದಿನ ಟೈರು ಸವೆದಿದೆ. ಬೆಳ್ಳಮ್ಮಜ್ಜಿ ಕಸಬರಿಕೆ ಹಿಡಿದು ನಿಂತ ಫೋಟೋ ಒಂದನ್ನು ಲಗತ್ತಿಸಿದ.

ಆಮೇಲೆ ಪ್ರಗತಿ ಪರಿಶೀಲನಾ ಸಭೆಗೆ ಕರೆ ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿ ಕುಳಿತ. ಸಾಹೇಬರು ಒಂದೊಂದೇ ಇಲಾಖೆಯವರನ್ನು ಎಬ್ಬಿಸಿ ಬೈದು ಕೂರಿಸುತ್ತಾ ಇವನ ಹತ್ತಿರ ಬಂದರು.

"ಯಾವ ಇಲಾಖೆ?"

"ಬಸವನಮಂಟಿ ಸಾರ್."

ಸಾಹೇಬರು ಪಟ್ಟಿ ನೋಡಿದರು. ಪಟ್ಟಿಯಲ್ಲಿ ಅದು ನಲವತ್ತೊಂದನೆಯದಾಗಿ ಇತ್ತು. ಪಟ್ಟಿಯಲ್ಲಿ ಇದೆಯೆಂದ ಮೇಲೆ ಇಲಾಖೆಯೂ ಇರಲೇಬೇಕು.

"ಈ ತಿಂಗಳ ಸಾಧನೆ ಹೇಳಿ."

"ಅನ್ನೊಂದ್ ಜನ ಬಂದು ಉಳ್ಕಂಡಿದ್ರು ಸಾರ್. ಅದ್ರಲ್ಲಿ ಒಂಬತ್ ಜನ ವಾಪಸ್ ಓದ್ರು."

"ಇನ್ನಿಬ್ಬರು ಯಾಕೆ ಬಾಕಿ?"

"ಒಬ್ಳು ಬೆಳ್ಳಮ್ಮ ಸಾರ್, ಕಣ್ಣಿಗೆ ಡ್ರಾಪ್ಸ್ ಆಕಿಸ್ಕತಾವ್ಳೆ. ಇನ್ನೊಬ್ಬ ನಾನೇಯ."

"ಶೇಕಡಾ ಎಂಬತ್ತೆರಡು ವಿಲೇವಾರಿ," ಎಂದು ಸಾಹೇಬರು ಲೆಕ್ಕ ಹಾಕಿ ಸಭೆಯ ಕಡೆ ತಿರುಗಿದರು. "ನೋಡಿ ಕಲೀರಿ. ಸಣ್ಣ ಇಲಾಖೆ, ಆದರೂ ಕೆಲಸ ಮಾಡ್ತಿದ್ದಾರೆ. ನಿಮ್ಮ ಗುರಿ ಎಷ್ಟಿತ್ತು?"

"ಗುರಿ ಏನೂ ಇರ್ನಿಲ್ಲ ಸಾರ್."

ಸಾಹೇಬರ ಮುಖ ಬಿಗಿಯಿತು. "ಗುರಿ ಇಲ್ಲದೆ ಸಾಧನೆ ಮಾಡಿದ್ದೀರಾ? ಯಾರನ್ನು ಕೇಳಿ ಮಾಡಿದಿರಿ?" ಮುಂದಿನ ತಿಂಗಳಿಗೆ ನಲವತ್ತು ಜನ ಎಂದು ಗುರಿ ಬರೆಸಿ ಕೂರಿಸಿದರು.

ಆ ಭಾನುವಾರ ಪುಟ್ಟರಾಜು ಊರಿಗೆ ಬಂದು ಮನೆಮನೆಗೆ ಹೋಗಿ, ಮಂಡ್ಯದಲ್ಲಿ ಕೆಲಸ ಇರಲಿ ಬಿಡಲಿ, ಬಂದು ಒಂದು ರಾತ್ರಿ ಮಲಗಿ ಹೋಗಿ ಎಂದು ಕೈಮುಗಿದು ಕೇಳಿಕೊಂಡ. "ಟಾರ್ಗೆಟ್ ಅದೆ ಕಣಣ್ಣ, ಮಾನ ಓಯ್ತದೆ" ಎಂದ. ಮರಿಸಿದ್ದಯ್ಯ, ಸೋರುವ ರೂಮಿನಲ್ಲಿ ಮಲಗಲು ಮೂವತ್ತು ಕಿಲೋಮೀಟರ್ ಯಾಕೆ, ನನ್ನ ಕೊಟ್ಟಿಗೆಯೇ ಸೋರುತ್ತದೆ ಎಂದು ಕಳಿಸಿದ.

ಅವನು ಮಂಡ್ಯಕ್ಕೆ ಹೊರಡುವಾಗ ದೀಪಿಕ ಟಿ.ವಿ.ಎಸ್. ಹಿಡಿದು ನಿಂತಳು.

"ಅಪ್ಪ, ನನ್ ಅಟೆಂಡೆನ್ಸ್ ಕಮ್ಮಿ ಆಯ್ತಾ ಇದೆ. ಮೊದ್ಲನೇ ಕ್ಲಾಸ್ ದಿನಾ ತಪ್ಪೋಗ್ತಿದೆ. ನಾಳೆ ಒಂದಿನ ಗೇಟ್ ತನ್ಕ ಬಿಟ್ಟು ಓಗು."

"ಇನ್ನ್ ಸ್ವಲ್ಪ ದಿನ ತಡ್ಕ ಮಗ. ಬಸ್ಸೇ ಬತ್ತದೆ. ನಾಳೆ ಬೆಳಿಗ್ಗೆ ಮೀಟಿಂಗ್ ಅದೆ."

ಈ ಮಾತು ನನ್ನ ಕಿವಿಗೆ ಬಿತ್ತು. ನನಗೆ ಅಂದು ಕೋಪ ಬಂದದ್ದು ನಿಜ. ಆದರೆ ಲೆಟರ್‌ಹೆಡ್ಡಿನ ಅಕ್ಷರ ನನ್ನದಾದ್ದರಿಂದ ಬಾಯಿ ಮುಚ್ಚಿಕೊಂಡು ಟಪಾಲು ಚೀಲ ಕಟ್ಟಿದೆ.

ಮುಂದಿನ ವಾರ ದೊಡ್ಡ ಕಚೇರಿಯ ಟಪಾಲು ವಿಭಾಗದ ಶುಭಾ ಎಂಬ ಹೆಣ್ಣುಮಗಳು ಮೆಟ್ಟಿಲು ಹತ್ತಿ ಭವನಕ್ಕೆ ಬಂದರು. ಕೈಯಲ್ಲಿ ಕೆಂಪು ದಾರ ಕಟ್ಟಿದ ಫೈಲು ಇತ್ತು. ಪುಟ್ಟರಾಜು ಬಿಚ್ಚಿ ನೋಡಿದ. ಒಳಗೆ ಇದ್ದದ್ದು ಅವನೇ ಬರೆದ ಬಸ್ಸಿನ ಅರ್ಜಿ. ಅದರ ಮೇಲೆ ನಾಲ್ಕು ಕಚೇರಿಗಳ ಸೀಲು, ಏಳು ಸಹಿ. ಕೊನೆಯಲ್ಲಿ ಕೆಂಪು ಶಾಯಿಯ ಟಿಪ್ಪಣಿ: "ನಿವಾಸಿ ಆಯುಕ್ತರು, ಬಸವನಮಂಟಿ, ಇವರು ಈ ಅರ್ಜಿಯನ್ನು ಪರಿಶೀಲಿಸಿ ಸ್ಪಷ್ಟ ಅಭಿಪ್ರಾಯದೊಂದಿಗೆ ವರದಿ ಸಲ್ಲಿಸುವುದು. ವರದಿ ಬಂದ ನಂತರವೇ ಬಸ್ಸಿನ ಬಗ್ಗೆ ಕ್ರಮ."

ಅಂದರೆ ಬಸ್ಸು ಬೇಕು ಎಂದು ಇವನು ಕೇಳಿದ್ದ. ಬಸ್ಸು ಬೇಕೇ ಎಂದು ಇವನನ್ನೇ ಕೇಳಿದ್ದರು. ಬೇಕು ಎಂದು ಬರೆದು ಸೀಲು ಒತ್ತಿದ್ದರೆ ಕೆಲಸ ಮುಗಿಯುತ್ತಿತ್ತು. ಪುಟ್ಟರಾಜು ಹಿಗ್ಗಿ ಸೀಲು ಕೈಗೆ ತೆಗೆದುಕೊಂಡಿದ್ದ. ಅಷ್ಟರಲ್ಲಿ ಶುಭಾ ರಿಜಿಸ್ಟರ್ ಬಿಚ್ಚಿದರು.

"ಸಾರ್, ನಿಮ್ಮ ಕಚೇರಿ ಮಂಜೂರಾದ ಆದೇಶದ ನಂಬರ್ ಕೊಡಿ. ಆ ಕಾಲಂ ಒಂದು ಖಾಲಿ ಇದೆ."

"ಆದೇಸ ಅಂತ ಏನಿಲ್ಲ ಮೇಡಮ್. ಡೈರಿ ಮುಂದೆ ತೀರ್ಮಾನ ಆಯ್ತು."

"ಯಾವ ಡೈರಿ?"

"ಆಲಿನ್ ಡೈರಿ."

ಶುಭಾ ಸೀಲು ನೋಡಿದರು, ಬೋರ್ಡು ನೋಡಿದರು, ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದ ಬೆಳ್ಳಮ್ಮಜ್ಜಿಯನ್ನು ನೋಡಿದರು. ನಿಧಾನವಾಗಿ ರಿಜಿಸ್ಟರ್ ಮುಚ್ಚಿದರು.

"ಈ ಸೀಲು ನಿಮಗೆ ಯಾರು ಕೊಟ್ಟರು?"

"ಅಂಗ್ಡೀಲಿ ಮಾಡ್ಸ್ದೆ. ಅರ್ಧ ಗಂಟೇಲಿ ಕೊಟ್ಬುಟ್ಟ."

"ರೀ, ಸುಳ್ಳು ಸರ್ಕಾರಿ ಸೀಲು ಮಾಡಿಸಿದೋನೊಬ್ಬ ಹೋದ ವರ್ಷ ಒಳಗೆ ಹೋದ, ಇನ್ನೂ ಆಚೆ ಬಂದಿಲ್ಲ," ಎಂದು ಶುಭಾ ದನಿ ತಗ್ಗಿಸಿ ಹೇಳಿದರು. "ನಾನು ನೋಡಿಲ್ಲ, ನೀವು ತೋರಿಸಿಲ್ಲ. ಇನ್ನು ಮೇಲೆ ಒಂದು ಕಾಗದಕ್ಕೂ ಇದನ್ನ ಒತ್ತಬೇಡಿ." ಹೇಳಿ ಸರಸರನೆ ಮೆಟ್ಟಿಲಿಳಿದು ಹೋದರು. ಫೈಲು ಮೇಜಿನ ಮೇಲೆ ಉಳಿಯಿತು.

ಪುಟ್ಟರಾಜು ಸೀಲನ್ನು ರಾಗಿ ಹಿಟ್ಟಿನ ಡಬ್ಬದೊಳಗೆ ಹೂತಿಟ್ಟ. ಒತ್ತಿದರೆ ತಾನು ಒಳಗೆ ಹೋಗುತ್ತಾನೆ. ಒತ್ತದಿದ್ದರೆ ಬಸ್ಸು ಬರುವುದಿಲ್ಲ. ಊರಿಗೆ ಹೇಳೋಣವೆಂದರೆ ಮಾನ ಹೋಗುತ್ತದೆ. ಇಷ್ಟು ಯೋಚಿಸುವ ಹೊತ್ತಿಗೆ ಅವನಿಗೆ ಸುಸ್ತಾಯಿತು. ನಾನು ಫೋನು ಮಾಡಿ ಬಸ್ಸಿನ ವಿಷಯ ಏನಾಯಿತಪ್ಪಾ ಎಂದಾಗಲೆಲ್ಲ "ಪರಿಶೀಲ್ನೇಲದೆ ಸ್ವಾಮಿ" ಎನ್ನುತ್ತಿದ್ದ. ಅಷ್ಟು ಚೆನ್ನಾದ ಸರ್ಕಾರಿ ದನಿ ಅವನಿಗೆ ಎಲ್ಲಿಂದ ಬಂತೋ ಎಂದು ನಾನು ಬೆರಗಾಗುತ್ತಿದ್ದೆ.

ಹದಿನೆಂಟು ದಿನ ಕಳೆಯಿತು. ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಹಾಜರಿ ಕಡಿಮೆ ಇರುವವರ ಪಟ್ಟಿ ಬಿತ್ತು. ಅದರಲ್ಲಿ ದೀಪಿಕಳ ಹೆಸರಿತ್ತು. ಎಪ್ಪತ್ತೊಂದು ಪರ್ಸೆಂಟು. ಎಪ್ಪತ್ತೈದು ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ವರ್ಷ ಹೋಗುತ್ತದೆ. ಮುಂದಿನ ಸೋಮವಾರದಿಂದ ಒಂದು ಕ್ಲಾಸೂ ತಪ್ಪಿಸದಿದ್ದರೆ ಹೇಗೋ ಮುಟ್ಟಬಹುದಿತ್ತು. ಅವಳು ಅಂದು ಮಧ್ಯಾಹ್ನವೇ ಮಂಡ್ಯಕ್ಕೆ ಹೋಗಿ, ಅಪ್ಪನ ಭವನಕ್ಕೆ ಹೋಗದೆ, ನೇರವಾಗಿ ಡಿಪೋಗೆ ಹೋಗಿ ಕೇಳಿದಳು. ಅಲ್ಲಿಯ ಗುಮಾಸ್ತರು ಪುಸ್ತಕ ನೋಡಿ, "ನಮ್ಮ ಹತ್ರ ಏನೂ ಇಲ್ಲಮ್ಮ. ನಿಮ್ಮೂರಿನ ಆಯುಕ್ತರ ಹತ್ರಾನೇ ಬಾಕಿ ಇದೆ," ಎಂದರು.

ಮಗಳು ಬಂದು ಹೇಳಿದ್ದನ್ನು ಬೆಟ್ಟಮ್ಮ ಪೂರ್ತಿ ಕೇಳಿದಳು. ಒಲೆಯ ಮೇಲಿದ್ದ ಎಸರು ಇಳಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಡೈರಿ ಮುಂದೆ ಹೋಗಿ ನಿಂತಳು. "ಬಸ್ಸು ಎಲ್ಲೂ ಓಗಿಲ್ಲ ಕಣ್ರಪ್ಪ. ನಮ್ ಭವನದಲ್ಲೇ ಕುಂತದೆ," ಎಂದಳು. ಮರುದಿನ ಬೆಳಿಗ್ಗೆ ಹಾಲಿನ ಟಾಟಾ ಏಸಿನಲ್ಲಿ ಇಪ್ಪತ್ತೆರಡು ಜನ ಮಂಡ್ಯಕ್ಕೆ ಹೊರಟೆವು. ನನ್ನನ್ನು ಕ್ಯಾನುಗಳ ನಡುವೆ ನಿಲ್ಲಿಸಿದ್ದರು.

ಇಪ್ಪತ್ತೆರಡು ಜನ ಒಟ್ಟಿಗೆ ಮೆಟ್ಟಿಲು ಹತ್ತುವುದನ್ನು ಕಂಡ ಪುಟ್ಟರಾಜುವಿಗೆ ಮೊದಲು ಸಂತೋಷವೇ ಆಯಿತು. "ಬನ್ನಿ ಬನ್ನಿ, ಎಸ್ರು ಬರ್ಸಿ," ಎಂದು ರಿಜಿಸ್ಟರ್ ಎಳೆದುಕೊಂಡ. ಗುರಿಯಲ್ಲಿ ಅರ್ಧ ಒಂದೇ ದಿನಕ್ಕೆ ಮುಗಿಯಿತಲ್ಲ.

"ಬಸ್ಸಿನ್ ಫೈಲ್ ಎಲ್ಲಿ?" ಎಂದಳು ಬೆಟ್ಟಮ್ಮ.

"ಪರಿಶೀಲ್ನೇಲದೆ."

"ಏನ್ ಪರಿಶೀಲ್ನೆ ಮಾಡ್ತಿದ್ದೀಯೆ ದೀಪಿಕನಪ್ಪ? ನಿನ್ ಮಗ್ಳು ದಿನಾ ಗೇಟ್ ತನ್ಕ ಐದ್ ಕಿಲೋಮೀಟ್ರು ನಡೀತಾವ್ಳೆ. ಅವ್ಳ ಚಪ್ಲಿ ಪರಿಶೀಲ್ನೆ ಮಾಡು, ಎಲ್ಲಾ ತಿಳೀತದೆ."

ಪುಟ್ಟರಾಜು ಬೆಳ್ಳಮ್ಮಜ್ಜಿಯ ಕಡೆ ನೋಡಿದ. ಅಜ್ಜಿ ಯಾವ ಮುಲಾಜೂ ಇಲ್ಲದೆ ಚಾಪೆ ಎತ್ತಿ ಅಡಿಯಲ್ಲಿದ್ದ ಫೈಲನ್ನು ತೋರಿಸಿದಳು. "ಪೋಲೀಸ್ರು ಇಡ್ಕೊಂಡ್ ಓಯ್ತಾರೆ ಅಂತ ಎದ್ರಿಕೊಂಡವ್ನೆ ಕಣವ್ವ. ಸೀಲು ಇಟ್ಟಿನ್ ಡಬ್ಬದಲ್ಲೇ ಅದೆ. ಮೊನ್ನೆ ಮುದ್ದೆ ಜೊತೆ ನನ್ ಬಾಯ್ಗೆ ಸಿಕ್ತು."

ಪುಟ್ಟರಾಜು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. ಮಗಳ ಹಾಜರಿ ಎಪ್ಪತ್ತೊಂದಕ್ಕೆ ಇಳಿದದ್ದು ಅವನಿಗೆ ಗೊತ್ತಿರಲಿಲ್ಲ. ಅದನ್ನು ದೀಪಿಕ ಹೇಳಿದಾಗ ಅವನ ಮುಖದಲ್ಲಿದ್ದ ಆಯುಕ್ತ ಪೂರ್ತಿ ಇಳಿದುಹೋದ. ನೋಡಲು ನನಗೇ ಕಷ್ಟವಾಯಿತು. ಬೆಟ್ಟಮ್ಮ ಮಾತ್ರ ನೋಡುತ್ತಾ ನಿಲ್ಲಲಿಲ್ಲ. ಸೀಲನ್ನು ಒಲೆಗೆ ಹಾಕಿ, ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ನಡೀರಿ ಡಿಪೋಗೆ," ಎಂದಳು.

ಡಿಪೋ ಮ್ಯಾನೇಜರು ಇಪ್ಪತ್ಮೂರು ಜನರನ್ನು ಒಟ್ಟಿಗೆ ಕಂಡು ಎದ್ದು ನಿಂತರು. ಫೈಲು ತಿರುವಿ ಹಾಕಿ, "ಆಯುಕ್ತರ ವರದಿ ಎಲ್ಲಮ್ಮ?" ಎಂದರು.

"ಆಯುಕ್ತರು ನಮ್ಮೆಜಮಾನ್ರು. ಅಗೋ, ಕಂಬದ್ ಹಿಂದೆ ನಿಂತವ್ರೆ. ಅವ್ರ ವರದಿ ನಾನ್ ಯೇಳ್ತೀನಿ, ಬರ್ಕಳಿ. ಊರದೆ. ಊರಲ್ಲಿ ಜನ ಅವ್ರೆ. ಬಸ್ಸಿಲ್ಲ. ಇನ್ನೇನ್ ಬೇಕು?"

ಮ್ಯಾನೇಜರು ಕಂಬದ ಕಡೆ ನೋಡಿದರು. ಕಂಬದ ಎರಡೂ ಪಕ್ಕ ಪುಟ್ಟರಾಜು ಸ್ವಲ್ಪ ಸ್ವಲ್ಪ ಕಾಣುತ್ತಿದ್ದ. ಅವರಿಗೆ ನಗು ತಡೆಯಲಾಗಲಿಲ್ಲ. ಎಲ್ಲರನ್ನೂ ಕೂರಲು ಹೇಳಿ, ಫೈಲನ್ನು ಪಕ್ಕಕ್ಕೆ ಸರಿಸಿದರು.

"ಈ ವರದಿ ಗಿರದಿ ಎಲ್ಲ ಮೇಲಿನೋರು ಕೇಳೋದು ಅಮ್ಮ. ನನಗೆ ಬೇಕಾಗಿದ್ದು ಅದಲ್ಲ. ಏಳು ಹತ್ತಕ್ಕೆ ನಿಮ್ಮೂರಿಂದ ಬಸ್ಸು ಹೊರಡಬೇಕು ಅಂದ್ರೆ ಹಿಂದಿನ ಸಂಜೆ ಬಂದು ಅಲ್ಲೇ ಹಾಲ್ಟ್ ಮಾಡಬೇಕು. ಮೊದಲು ಹಾಗೇ ಮಾಡ್ತಿದ್ರು. ನಮ್ಮ ಡ್ರೈವರು, ಕಂಡಕ್ಟರು ಮಲಗೋಕೆ ನಿಮ್ಮೂರಲ್ಲಿ ಒಂದು ಜಾಗ ಕೊಡಲಿಲ್ಲ. ಬಸ್ಸಿನಲ್ಲೇ ಸೊಳ್ಳೆ ಕಡಿಸಿಕೊಂಡು ಮಲಗ್ತಿದ್ರು. ಕೊನೆಗೆ ಆ ರೂಟಿಗೆ ಹೋಗಲ್ಲ ಅಂತ ಎಲ್ಲಾ ಕೈ ಎತ್ತಿದ್ರು. ಅದಕ್ಕೇ ನಿಂತದ್ದು. ಒಂದು ರೂಮು, ಒಂದು ಬಚ್ಚಲು ಕೊಡಿ. ಸೋಮವಾರ ಸಂಜೆಗೇ ಬಸ್ಸು ಕಳಿಸ್ತೀನಿ."

ಮಂಡ್ಯದಲ್ಲಿ ಊರಿನವರು ಇಳಿದುಕೊಳ್ಳಲು ಭವನ ಬೇಕು ಎಂದ ಊರು, ದಿನಾ ಊರಿಗೆ ಬಸ್ಸು ತಂದವರಿಗೆ ಒಂದು ಚಾಪೆ ಹಾಸಿರಲಿಲ್ಲ. ಮರಿಸಿದ್ದಯ್ಯ ಕೆಮ್ಮಿದ. ನನ್ನ ಅಂಚೆ ಕಚೇರಿಯ ಹಿಂದೆ ಒಂದು ಕೋಣೆ ಖಾಲಿ ಬಿದ್ದಿದೆ, ಎಷ್ಟೋ ಸಲ ಆ ಕಂಡಕ್ಟರ್ ನನ್ನ ಹತ್ತಿರ ಕುಡಿಯಲು ನೀರು ಕೇಳಿದ್ದುಂಟು. ನನಗೆ ನಿಜವಾಗಿ ನಾಚಿಕೆಯಾಯಿತು.

ಬೆಟ್ಟಮ್ಮನೇ ಬಾಯಿ ಬಿಟ್ಟಳು. "ಇಷ್ಟೇನಾ ಸ್ವಾಮಿ? ನಮ್ಮನೆ ಮುಂದ್ಲ ರೂಮು ಅದೆ. ಪಕ್ಕದಲ್ಲೇ ಬಚ್ಚಲು. ಬಿಸಿ ಮುದ್ದೆ ನಾನ್ ಆಕ್ತೀನಿ. ಕಳ್ಸಿ."

"ಅದು ನಾನ್ ಮಲಿಕೊಳೋ ರೂಮು ಕಣೆ!" ಎಂದು ಕಂಬದ ಹಿಂದಿನಿಂದ ದನಿ ಬಂತು.

"ಎಲ್ಡೂವರೆ ತಿಂಗ್ಳಿಂದ ಎಲ್ಲಿ ಮನಿಕಂಡಿದ್ದೆ? ಈಗ ಜಗುಲಿ ಮ್ಯಾಲ್ ಮನಿಕೊ."

ಆ ಭಾನುವಾರ ಪುಟ್ಟರಾಜು ಮಾತಿಲ್ಲದೆ ಗೊಬ್ಬರದ ಚೀಲಗಳನ್ನೆಲ್ಲ ಎತ್ತಿ ಹಾಕಿ, ರೂಮು ತೊಳೆದು, ಸುಣ್ಣ ಬಳಿದ. ಮರಿಸಿದ್ದಯ್ಯ ಮಂಚ ಒಂದನ್ನು ಹೊರಿಸಿಕೊಂಡು ಬಂದ. ನಾನು ಫ್ಯಾನು ಕೊಟ್ಟೆ. ಬೆಳ್ಳಮ್ಮಜ್ಜಿ ಮಂಡ್ಯ ಬಿಟ್ಟು ಬರಲು ಒಪ್ಪದೆ ಒಂದು ದಿನ ಸತಾಯಿಸಿ, ಟಾಟಾ ಏಸಿನ ಮುಂದಿನ ಸೀಟು ಕೊಟ್ಟ ಮೇಲೆ ಬಂದಳು. ದೊಡ್ಡ ಕಚೇರಿಯವರಿಗೆ ಮಾತ್ರ ಭವನ ಮುಚ್ಚಿದ್ದು ಗೊತ್ತಿಲ್ಲ. ಸುತ್ತೋಲೆಗಳು ಈಗ ನನ್ನ ಅಂಚೆ ಕಚೇರಿಗೆ ಬರುತ್ತವೆ. ಸಾಧನೆ ಯಾಕೆ ಸೊನ್ನೆ ಎಂದು ಕಾರಣ ಕೇಳಿ ನೋಟೀಸೂ ಬಂದಿದೆ.

ಸೋಮವಾರ ಬೆಳಿಗ್ಗೆ ಪುಟ್ಟರಾಜು ಮಗಳನ್ನು ಟಿ.ವಿ.ಎಸ್. ಮೇಲೆ ಗೇಟಿಗೆ ಬಿಟ್ಟು ಬಂದ. ಸಂಜೆ ಬಸ್ಸು ಬಂತು. ಮಂಗಳವಾರ ಬೆಳಿಗ್ಗೆ ಊರಿಗೆ ಊರೇ ಬಸ್ಸಿನ ಮುಂದೆ ಸೇರಿತು. ಯಾರೋ ಬಾಳೆಕಂಬ ಕಟ್ಟಿದ್ದರು, ಯಾರೋ ಕಾಯಿ ಒಡೆದರು. ಪುಟ್ಟರಾಜು ಅದೇ ಬಿಳಿ ಅಂಗಿ ಹಾಕಿಕೊಂಡು ಡೈರಿ ಕಟ್ಟೆ ಹತ್ತಿ ನಿಂತ. ಒಂದು ವಾರ ಮುಚ್ಚಿದ್ದ ಬಾಯಿ ತಡೆಯದೆ ಬಿಚ್ಚಿಕೊಂಡಿತು.

"ಮಾನ್ಯ ಬಸವನಮಂಟಿ ಮಹಾಜನಗಳೇ, ಈ ಬಸ್ಸು ಸುಮ್ನೆ ಬರ್ನಿಲ್ಲ. ಡೆಲ್ಲೀಲಿ ನಾನು ಮೂರ್ ದಿನ ಇದ್ದಾಗ್ಲೇ ಇದ್ರ ಬೀಜ ಬಿತ್ತು. ಮೊದ್ಲನೇದಾಗಿ ನಾವು ಅರ್ಥ ಮಾಡ್ಕಬೇಕಾದ್ದು ಏನಪ್ಪಾ ಅಂದ್ರೆ..."

ಡ್ರೈವರು ಗಡಿಯಾರ ನೋಡಿ ಹಾರನ್ ಮಾಡಿದ. ಮಹಾಜನಗಳು ಒಬ್ಬೊಬ್ಬರಾಗಿ ಬಸ್ಸು ಹತ್ತತೊಡಗಿದರು. ಹೆಂಗಸರು, ಡೈರಿಯವನು, ಮರಿಸಿದ್ದಯ್ಯ, ಕೊನೆಗೆ ಬೆಟ್ಟಮ್ಮ. ಅವಳಿಗೆ ಮಂಡ್ಯದಲ್ಲಿ ಕೆಲಸವೇನೂ ಇರಲಿಲ್ಲ, ಭಾರತೀನಗರದವರೆಗೆ ಮಗಳ ಪಕ್ಕ ಕುಳಿತು ಹೋಗಿ ಬರುವುದಷ್ಟೇ. ಪುಟ್ಟರಾಜು ಮೊದಲನೇದರಿಂದ ಎರಡನೇದಕ್ಕೆ ಬರುವ ಹೊತ್ತಿಗೆ ಏಳು ಹತ್ತಾಯಿತು. ಕಂಡಕ್ಟರ್ ರೈಟ್ ಎಂದ. ಸಭೆಯನ್ನು ಪೂರ್ತಿಯಾಗಿ ತುಂಬಿಕೊಂಡು ಬಸ್ಸು ಹೊರಟಿತು. ಕಿಟಕಿಯಿಂದ ದೀಪಿಕ ಕೈ ಹೊರಗೆ ಹಾಕಿ "ಅಪ್ಪಾ, ಓಯ್ತೀನಿ!" ಎಂದು ಕೂಗಿದಳು.

ಕಟ್ಟೆಯ ಮೇಲೆ ಪುಟ್ಟರಾಜು, ಕೆಳಗೆ ನಾನು. ಬೇರೆ ಯಾರೂ ಇರಲಿಲ್ಲ.

"ಹೇಳಪ್ಪ, ಎರಡನೇದು ಏನು?" ಎಂದೆ. ಒಬ್ಬನಾದರೂ ಕೇಳಬೇಕಲ್ಲ.

ಅವನಿಗೆ ನನ್ನ ಮಾತು ಕೇಳಿಸಲಿಲ್ಲ. ಬಸ್ಸು ಕಬ್ಬಿನ ಗದ್ದೆ ದಾಟಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಆಮೇಲೆ ಕಟ್ಟೆಯಿಂದಿಳಿದು ನನ್ನ ಕೈ ಎಳೆದುಕೊಂಡು, ನನ್ನ ವಾಚಿನಲ್ಲಿ ಗಂಟೆ ನೋಡಿದ. ಬೆರಳು ಮಡಿಸಿ ಏನೋ ಲೆಕ್ಕ ಹಾಕಿದ. ಕಣ್ಣು ಒದ್ದೆಯಾಗಿತ್ತು, ಧೂಳು ಎಂದು ಒರೆಸಿಕೊಂಡ.

"ಎಂಟೂಕಾಲ್ಗೆ ಕಾಲೇಜ್ ಮುಂದೆ ಇಳೀತಾಳೆ ಸ್ವಾಮಿ," ಎಂದ. "ಮೊದ್ಲನೇ ಕ್ಲಾಸು ಸಿಕ್ತದೆ."

ಭಾಷಣದ ಉಳಿದ ಭಾಗವನ್ನು ಅವನು ಇದುವರೆಗೂ ಯಾರಿಗೂ ಹೇಳಿಲ್ಲ.